ಹದಿನೈದು ಅಡಿ ದೂರ

ಕಕ್ಕಸನ್ನು ಬೆನ್ನಿಗೆ ಕಟ್ಟಿಕೊಂಡು ಊರೂರು ಸುತ್ತುವ ಗಾಡಿ ತಮಗೆ ಬೇಡವೆಂದು ನಮ್ಮನೆಯವರು ಮೊದಲೇ ಹೇಳಿಬಿಟ್ಟಿದ್ದರು. ಅವರಿಗೆ ರಾತ್ರಿ ತಮ್ಮ ಹಾಸಿಗೆಯೇ ಆಗಬೇಕು, ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರಬೇಕು. 'ನಿನಗೆ ಆಸೆ ಇದ್ರೆ ತಗೋ, ಹೋಗಿ ಬಾ. ಸಂಜೆ ಎಲ್ಲಿ ನಿಂತಿದೀಯ ಅಂತ ಒಂದು ಮೆಸೇಜ್ ಹಾಕು, ಸಾಕು' ಎಂದರು. ನಾನು ಮರುಭೂಮಿಯಲ್ಲಿ ಒಬ್ಬಳೇ ತಿರುಗಲು ಹೊರಟದ್ದರ ಹಿಂದೆ ದೊಡ್ಡ ದುಃಖವಾಗಲಿ ಬಂಡಾಯವಾಗಲಿ ಇರಲಿಲ್ಲ. ಜೊತೆಗೆ ಬರುವವರು ಇರಲಿಲ್ಲ, ಅಷ್ಟೆ. ಇದನ್ನು ಮೊದಲೇ ಹೇಳಬೇಕು. ಐವತ್ತೈದು ದಾಟಿದ ಹೆಂಗಸು ಒಬ್ಬಳೇ ಗಾಡಿ ಓಡಿಸಿಕೊಂಡು ಹೋದಳೆಂದರೆ ಮನೆಯಲ್ಲಿ ಏನೋ ಆಗಿರಬೇಕು ಎಂದು ಜನ ಕಾರಣ ಹುಡುಕತೊಡಗುತ್ತಾರೆ.

ನಾವಿದ್ದದ್ದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ನಗರದ ಮಗ್ಗುಲಲ್ಲಿ. ಚಿಪ್ ಕಾರ್ಖಾನೆಗಳ ಊರಾದ್ದರಿಂದ ಕನ್ನಡದವರಿಗೆ ಅಲ್ಲಿ ಬರವಿಲ್ಲ. ಕೆಲಸ ಬಿಟ್ಟ ವರ್ಷ ಒಂದು ಹಳೆಯ ಆರ್‌ವಿ, ಅಂದರೆ ಮನೆಯನ್ನೇ ಹೊತ್ತು ತಿರುಗುವ ಗಾಡಿ, ಕೊಂಡೆ. ಟ್ರಕ್ಕಿನ ಚಾಸಿಸ್ ಮೇಲೆ ಕಟ್ಟಿದ, ಡ್ರೈವರ್ ತಲೆಯ ಮೇಲೆ ಮಂಚ ಚಾಚಿಕೊಂಡಿರುವ, 24 ಅಡಿ ಉದ್ದದ ಗಾಡಿ. ಒಳಗೆ ಗ್ಯಾಸ್ ಒಲೆ, ತಿರುಗಿದರೆ ಮೊಣಕೈ ತಗಲುವ ಬಚ್ಚಲು, ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜು. ಕೆಳಗೆ ಮೂರು ಟ್ಯಾಂಕು: ಒಳ್ಳೆಯ ನೀರಿಗೊಂದು, ಪಾತ್ರೆ ತೊಳೆದ ನೀರಿಗೊಂದು, ಕಕ್ಕಸಿಗೊಂದು. ತಾರಸಿಯ ಮೇಲೆ ಸೋಲಾರ್ ಫಲಕ. ಗ್ಯಾಸ್ ಫ್ರಿಜ್ಜಿನೊಳಗೆ ಪಂಪು ಎಂಬುದಿಲ್ಲ. ಅಮೋನಿಯಾ ದ್ರಾವಣ ತನ್ನ ಭಾರಕ್ಕೆ ತಾನೇ ಇಳಿದು ಸುತ್ತುಬರಬೇಕು. ಗಾಡಿ ಒಂದು ಕಡೆ ವಾಲಿ ನಿಂತರೆ ಅದು ತಂಪು ಮಾಡುವುದಿಲ್ಲ, ಕೊನೆಗೆ ಕೆಟ್ಟೇ ಹೋಗುತ್ತದೆ. ಆದ್ದರಿಂದ ಎಲ್ಲಿ ನಿಲ್ಲಿಸಿದರೂ ಮೊದಲ ಕೆಲಸವೆಂದರೆ ಒಳಗಿನ ಅಡುಗೆ ಕಟ್ಟೆಯ ಮೇಲೆ ಒಂದು ಲೋಟ ನೀರಿಟ್ಟು ನೋಡುವುದು, ಆಮೇಲೆ ಚಕ್ರದ ಕೆಳಗೆ ಹಲಗೆ ಕೊಡುವುದು.

ಫೀನಿಕ್ಸ್‌ನಿಂದ ಐ-10 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಎರಡು ಗಂಟೆಯ ಹಾದಿಗೆ ಕ್ವಾರ್ಟ್ಸೈಟ್ ಸಿಗುತ್ತದೆ. ಇನ್ನೂ ಮುಂದಕ್ಕೆ ಹೋದರೆ ಕೊಲರಾಡೊ ನದಿ, ಆಚೆಗೆ ಕ್ಯಾಲಿಫೋರ್ನಿಯಾ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಈ ಊರಲ್ಲಿ ವರ್ಷಪೂರ್ತಿ ಇರುವವರು ಎರಡೂವರೆ ಸಾವಿರದ ಆಸುಪಾಸು. ಚಳಿಗಾಲ ಬಂತೆಂದರೆ ಕೆನಡಾ, ಮಿಚಿಗನ್, ಮಿನೆಸೋಟಾಗಳ ಹಿಮ ತಪ್ಪಿಸಿಕೊಂಡು ಬರುವವರ ಗಾಡಿಗಳು ಸಾವಿರ ಸಾವಿರವಾಗಿ ಸುತ್ತಲ ಬಯಲಲ್ಲಿ ಬಂದು ನಿಲ್ಲುತ್ತವೆ. ಅವರನ್ನು ಇಲ್ಲಿ ಸ್ನೋಬರ್ಡ್ ಎನ್ನುತ್ತಾರೆ. ಜನವರಿಯಲ್ಲಿ ದೊಡ್ಡ ಡೇರೆ ಹಾಕಿ ಆರ್‌ವಿ ಜಾತ್ರೆ ನಡೆಸುತ್ತಾರೆ. ರಸ್ತೆಬದಿಯಲ್ಲಿ ಕಲ್ಲು, ಹರಳುಗಳ ಸಂತೆ. ಊರ ಸ್ಮಶಾನದಲ್ಲಿ ಪಿರಮಿಡ್ಡಿನ ಆಕಾರದ ಕಲ್ಲಿನ ಗೋರಿ, ಅದರ ನೆತ್ತಿಯ ಮೇಲೆ ಒಂದು ತಾಮ್ರದ ಒಂಟೆ. ಅದು ಹಾಜಿ ಅಲಿಯ ಗೋರಿ. 1856ರಲ್ಲಿ ಅಮೆರಿಕದ ಸೈನ್ಯ ಈ ಒಣನೆಲದಲ್ಲಿ ಸಾಮಾನು ಸಾಗಿಸಲು ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದವನು. ನಾಲಿಗೆ ಹೊರಳದ ಇಲ್ಲಿಯವರು ಅವನನ್ನು ಹೈ ಜಾಲಿ ಮಾಡಿಕೊಂಡರು. ಒಂಟೆಗಳ ಪ್ರಯೋಗ ಕೈಬಿಟ್ಟ ಮೇಲೂ ಅವನು ವಾಪಸು ಹೋಗಲಿಲ್ಲ. ಚಿನ್ನ ಹುಡುಕುತ್ತ ಇದೇ ಸೀಮೆಯಲ್ಲಿ ಅಲೆದು 1902ರಲ್ಲಿ ತೀರಿಕೊಂಡ. ಮೊದಲ ಸಲ ಊರು ನೋಡಲು ಹೋದಾಗ ಆ ಗೋರಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಇಷ್ಟು ದೂರ ಬಂದು ಇಲ್ಲಿ ಒಬ್ಬರೇ ತಿರುಗಿದವರಲ್ಲಿ ನಾನೇ ಮೊದಲಿಗಳಲ್ಲ ಎಂಬುದು ಒಂದು ಬಗೆಯ ಸಮಾಧಾನ.

ಅಮೆರಿಕದ ನೆಲದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಕೇಂದ್ರ ಸರ್ಕಾರದ ಇಲಾಖೆಯ ಕೈಯಲ್ಲಿದೆ. ಅದರಲ್ಲಿ ಬಹುಪಾಲು ಇರುವುದು ಪಶ್ಚಿಮದ ರಾಜ್ಯಗಳಲ್ಲಿ. ಈ ನೆಲದ ಎಷ್ಟೋ ಕಡೆ ಯಾರು ಬೇಕಾದರೂ ಬಾಡಿಗೆಯಿಲ್ಲದೆ 14 ದಿನ ಬಿಡಾರ ಹೂಡಬಹುದು, ಆಮೇಲೆ ಎದ್ದು ದೂರ ಹೋಗಬೇಕು. ಚಳಿಗಾಲವಿಡೀ ಒಂದೇ ಕಡೆ ಇರಬೇಕೆನ್ನುವವರಿಗೆ ಇಲಾಖೆ 1983ರಲ್ಲಿ ಬೇರೆ ವ್ಯವಸ್ಥೆ ಮಾಡಿತು. ಕ್ವಾರ್ಟ್ಸೈಟ್‌ನ ದಕ್ಷಿಣಕ್ಕಿರುವ ಲಾ ಪೋಸಾ ಅಂಥದೊಂದು ಜಾಗ, ಹನ್ನೊಂದು ಸಾವಿರ ಎಕರೆಗೂ ಮೇಲ್ಪಟ್ಟ ಬಯಲು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳಿಗೆ, ನಾನು ಹೋಗುತ್ತಿದ್ದ ಕಾಲಕ್ಕೆ, 180 ಡಾಲರ್. ನೀರು ಹಿಡಿಯಲು ನಲ್ಲಿಗಳು, ಟ್ಯಾಂಕ್ ಖಾಲಿ ಮಾಡಲು ಗುಂಡಿ, ಕಸದ ತೊಟ್ಟಿ. ಕರೆಂಟಿಲ್ಲ, ನಂಬರು ಹಾಕಿದ ಸೈಟಿಲ್ಲ, ಬೇಲಿಯಿಲ್ಲ. ಕೈಗೆ ಕೊಡುವ ನಿಯಮದ ಹಾಳೆಯಲ್ಲಿ ಒಂದು ಸಾಲು: ಗಾಡಿಗೂ ಗಾಡಿಗೂ ನಡುವೆ ಕನಿಷ್ಠ 15 ಅಡಿ ಬಿಡಬೇಕು. ಒಂದಕ್ಕೆ ಬೆಂಕಿ ಹತ್ತಿದರೆ ಇನ್ನೊಂದಕ್ಕೆ ಹಬ್ಬದಿರಲೆಂದು ಮಾಡಿದ ನಿಯಮ.

ಆದರೆ 15 ಅಡಿಗೆ ಯಾರೂ ನಿಲ್ಲುವುದಿಲ್ಲ. ಅದು ಕಾಗದದ ಲೆಕ್ಕ. ಕಣ್ಣಿನ ಲೆಕ್ಕ ಬೇರೆ. ಹೊಸ ಗಾಡಿಯೊಂದು ಬಯಲಿಗೆ ಬಂದರೆ ಮೊದಲು ಮೆಲ್ಲಗೆ ಒಂದು ಸುತ್ತು ಹೊಡೆಯುತ್ತದೆ, ಎಲ್ಲೋ ನಿಲ್ಲುತ್ತದೆ, ಓಡಿಸುವವರು ಇಳಿದು ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ. ತಮ್ಮ ಕಿಟಕಿ ಬೇರೆಯವರ ಕಿಟಕಿಗೆ ಎದುರಾಗುತ್ತದೆಯೇ, ತಮ್ಮ ಜನರೇಟರಿನ ಹೊಗೆ ಯಾವ ಕಡೆಗೆ ಹೋಗುತ್ತದೆ, ಮುಂಚೆ ಬಂದವರು ಬೆಳಗಿನ ಬಿಸಿಲಿಗೆ ಹಾಕಿಕೊಂಡ ಕುರ್ಚಿಗೂ ಬೆಟ್ಟಕ್ಕೂ ನಡುವೆ ತಮ್ಮ ಗಾಡಿ ಅಡ್ಡ ಬರುತ್ತದೆಯೇ, ಇಷ್ಟನ್ನೂ ಅಳೆದು ನೋಡಿ ಆಮೇಲೆ ಎಂಜಿನ್ ಆರಿಸುತ್ತಾರೆ. ಯಾರ ಗಾಡಿಗೂ ಅವರ ಬೆಂಕಿಗೂ ನಡುವೆ ಹಾದುಹೋಗುವುದಿಲ್ಲ. ಕುರ್ಚಿ ಒಂದೇ ಇದ್ದು ಅದರ ಬೆನ್ನು ದಾರಿಗೆ ತಿರುಗಿದ್ದರೆ ಮಾತಾಡಿಸುವುದಿಲ್ಲ. ಇನ್ನೊಂದು ಖಾಲಿ ಕುರ್ಚಿ ಹಾಕಿಟ್ಟಿದ್ದರೆ ಬರಬಹುದೆಂದು ಅರ್ಥ. ಇದನ್ನೆಲ್ಲ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಮೊದಮೊದಲು ಇದು ನನಗೆ ಬಿಗುಮಾನದಂತೆ ಕಂಡಿತು. ಪಕ್ಕದ ಮನೆಗೆ ಬಂದವರು ಯಾರು, ಯಾವೂರು, ಮಕ್ಕಳೆಷ್ಟು ಎಂದು ಸಾಮಾನು ಇಳಿಸುವ ಮುಂಚೆಯೇ ವಿಚಾರಿಸಿಕೊಳ್ಳುವ ಊರಿನವಳು ನಾನು.

ಆ ಊರು ಚಳ್ಳಕೆರೆ ತಾಲ್ಲೂಕಿನಲ್ಲಿದೆ, ಕರ್ನಾಟಕದಲ್ಲೇ ಮಳೆ ಕಡಿಮೆ ಕಾಣುವ ಸೀಮೆ. ನೀರಿನ ವಿಷಯದಲ್ಲಿ ಮರುಭೂಮಿ ನನಗೆ ಹೊಸದೇನನ್ನೂ ಕಲಿಸಬೇಕಾಗಿರಲಿಲ್ಲ. ನನ್ನ ಗಾಡಿಯ ಒಳ್ಳೆಯ ನೀರಿನ ಟ್ಯಾಂಕಿಗೆ 36 ಗ್ಯಾಲನ್, ಅಂದರೆ 136 ಲೀಟರ್ ಹಿಡಿಯುತ್ತದೆ. ನಮ್ಮಮ್ಮನ ಲೆಕ್ಕದಲ್ಲಿ ಸುಮಾರು ಹತ್ತು ಕೊಡ. ಬೋರ್‌ವೆಲ್ ಮುಂದೆ ಸಾಲಿನಲ್ಲಿ ಕೊಡ ಇಟ್ಟು ಬೆಳೆದವಳಿಗೆ ಹತ್ತು ಕೊಡ ನೀರು ಎಷ್ಟು ದಿನಕ್ಕೆ ಎಂಬುದು ಕೈಗೆ ಗೊತ್ತು. ಪಕ್ಕದ ಬಿಡಾರದವರು ವಾರಕ್ಕೆರಡು ಸಲ ನಲ್ಲಿಗೆ ಹೋಗಿಬರುತ್ತಿದ್ದಾಗ ನನ್ನದು ಅರ್ಧವೂ ಇಳಿದಿರುತ್ತಿರಲಿಲ್ಲ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ನೆನೆಸುವುದು, ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುವುದು, ಒಂದು ಬಕೆಟ್ಟಿನ ತಳದ ನೀರಲ್ಲಿ ಸ್ನಾನ ಮುಗಿಸುವುದು. ಅಡುಗೆಯೂ ನೀರು ನೋಡಿಕೊಂಡೇ. ಅವಲಕ್ಕಿ, ಚಟ್ನಿಪುಡಿ, ಮೊಸರು. ಸಂಜೆ ಚಳಿಗೆ ಬಿಸಿ ಮುದ್ದೆ. ಪಾತ್ರೆಗೆ ಹಿಡಿದ ಮುದ್ದೆ ಬಿಡಿಸಲು ನೀರು ಜಾಸ್ತಿ ಬೇಕು, ಅದೊಂದು ಚಪಲ.

ಹೆಚ್ಚು ಲೆಕ್ಕ ಬೇಡುತ್ತಿದ್ದುದು ಕೊಳೆನೀರಿನ ಟ್ಯಾಂಕುಗಳು. ಒಳ್ಳೆಯ ನೀರು ಮುಗಿದರೆ ಬಾಟಲಿಯಲ್ಲಿ ತರಬಹುದು. ಕಕ್ಕಸಿನ ಟ್ಯಾಂಕು ತುಂಬಿದರೆ ಅದನ್ನು ಮರುಭೂಮಿಗೆ ಸುರಿಯುವಂತಿಲ್ಲ, ಗಾಡಿಯನ್ನೇ ಗುಂಡಿಯವರೆಗೆ ಓಡಿಸಬೇಕು. ಕೈಗೆ ಗವಸು ಹಾಕಿ, ದಪ್ಪ ಪೈಪು ಸಿಕ್ಕಿಸಿ, ಮೊದಲು ಕಕ್ಕಸಿನದನ್ನು ಬಿಟ್ಟು, ಆಮೇಲೆ ಪಾತ್ರೆ ನೀರಿನದನ್ನು ಬಿಡಬೇಕು. ಅದರಿಂದ ಪೈಪು ತೊಳೆದುಹೋಗುತ್ತದೆ. ಗುಂಡಿಯ ಮುಂದೆ ಸಾಲಿನಲ್ಲಿ ನಿಂತಾಗ ಮಾತ್ರ ಅಲ್ಲಿನವರು ಧಾರಾಳ ಮಾತಾಡುತ್ತಾರೆ. ಅಷ್ಟೂ ಜನ ಒಂದೇ ಕೆಲಸಕ್ಕೆ ಬಂದಿರುವಾಗ ಬಿಗುಮಾನಕ್ಕೆ ಜಾಗವೆಲ್ಲಿ? ಎಂಜಿನ್ ಬಾನೆಟ್ಟನ್ನು ರಾತ್ರಿ ತೆರೆದಿಡಬೇಕು, ಕತ್ತಲೆ ಬೆಚ್ಚನೆ ಮೂಲೆ ಸಿಕ್ಕರೆ ಪ್ಯಾಕ್‌ರ‍್ಯಾಟ್ ಎಂಬ ಇಲಿಗಳು ಗೂಡು ಕಟ್ಟಿ ವೈರು ಕಡಿಯುತ್ತವೆ ಎಂದು ನನಗೆ ಹೇಳಿಕೊಟ್ಟದ್ದು ಆ ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜ. ಚೋಯಾ ಕಳ್ಳಿಯ ಮುಳ್ಳುಂಡೆ ಕಾಲಿಗೆ ಅಂಟಿದರೆ ಕೈಯಲ್ಲಿ ಮುಟ್ಟಬೇಡ, ಬಾಚಣಿಗೆಯಲ್ಲಿ ಎತ್ತಿ ಎಸೆ ಎಂದವಳು ಮಿಚಿಗನ್‌ನಲ್ಲಿ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದ ಹೆಂಗಸು. ಸಿಕ್ಕು ಬಿಡಿಸಲು ಊರಿಂದ ತಂದ ಮರದ ಬಾಚಣಿಗೆ ಅಂದಿನಿಂದ ಗಾಡಿಯ ಬಾಗಿಲ ಪಕ್ಕದ ಮೊಳೆಗೆ ಹೋಯಿತು.

ಆ ಬಯಲಿನ ಗಿಡಗಳನ್ನು ನೋಡುತ್ತ ಕೂತಾಗ ಅಂತರದ ಈ ಲೆಕ್ಕ ಮನುಷ್ಯರದಷ್ಟೇ ಅಲ್ಲ ಎನಿಸಿತು. ಲಾ ಪೋಸಾದ ತುಂಬ ಕ್ರಿಯೊಸೋಟ್ ಪೊದೆ. ಸೊಂಟದೆತ್ತರ, ಅಂಟಂಟು ಎಲೆ, ಮಳೆ ಬಿದ್ದಾಗ ಇಡೀ ಮರುಭೂಮಿಗೆ ಬರುವ ಘಾಟು ವಾಸನೆ ಅದರದೇ. ಯಾರೋ ಹಗ್ಗ ಹಿಡಿದು ನೆಟ್ಟ ಹಾಗೆ ಒಂದರಿಂದೊಂದು ದೂರ ನಿಂತಿರುತ್ತವೆ. ಮಣ್ಣಿನೊಳಗಿನ ನೀರಿಗಾಗಿ ಬೇರುಗಳ ನಡುವೆ ನಡೆಯುವ ಪೈಪೋಟಿ ಇದರ ಹಿಂದಿದೆ. ಹತ್ತಿರ ಮೊಳೆತದ್ದು ಬದುಕುವುದು ಕಷ್ಟ. ಹೀಗೆ ದೂರ ದೂರ ನಿಂತೇ ಇದು ಬಾಳುವ ಕಾಲ ನೋಡಿ: ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಒಂದೇ ಬೇರಿನಿಂದ ಉಂಗುರದಂತೆ ಹಬ್ಬಿರುವ ಕ್ರಿಯೊಸೋಟ್ ಒಂದಿದೆ, ಅದರ ವಯಸ್ಸನ್ನು ಸುಮಾರು 11,700 ವರ್ಷವೆಂದು ಅಂದಾಜಿಸಿದ್ದಾರೆ.

ಸವಾರೊ ಕಳ್ಳಿಯದು ಬೇರೆ ಕಥೆ. ಕೈಯೆತ್ತಿ ನಿಂತಂತೆ ಕಾಣುವ, ಅರಿಜೋನಾದ ಎಲ್ಲ ಚಿತ್ರಪಟಗಳಲ್ಲೂ ಇರುವ ಆ ಕಂಬದಂಥ ಕಳ್ಳಿ. ನೋಡಿದರೆ ಯಾರ ಹಂಗೂ ಇಲ್ಲದ ಗತ್ತು. ಆದರೆ ಅದು ಮೊಳೆಯುವುದು ಹೆಚ್ಚಾಗಿ ಪಾಲೊ ವರ್ಡೆ, ಮೆಸ್ಕೀಟ್‌ನಂಥ ಮರದ ಬುಡದಲ್ಲಿ. ಬಿಸಿಲಿನ ಝಳದಿಂದ, ರಾತ್ರಿಯ ಕೊರೆತದಿಂದ, ಮೇಯುವ ಪ್ರಾಣಿಗಳಿಂದ ಆ ಮರವೇ ಕಾಯುತ್ತದೆ. ಮೊದಲ ಎಂಟು ವರ್ಷದಲ್ಲಿ ಸವಾರೊ ಬೆಳೆಯುವುದು ಒಂದೂವರೆ ಇಂಚಿನೊಳಗೆ. ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತು ವರ್ಷ ಹಿಡಿಯಬಹುದು, ಮಳೆ ಕಡಿಮೆಯಿರುವಲ್ಲಿ ನೂರು. ಬಯಲಲ್ಲಿ ಒಂದೇ ನಿಂತಿರುವ ಸವಾರೊ ಕಂಡಾಗ, ಅದರ ಬುಡದಲ್ಲಿ ಒಣಗಿಹೋದ ಮರದ ತುಂಡೇನಾದರೂ ಇದೆಯೇ ಎಂದು ಹುಡುಕುವುದು ನನಗೆ ಅಭ್ಯಾಸವಾಯಿತು. ಎಷ್ಟೋ ಸಲ ಇರುತ್ತಿತ್ತು.

ಮೆಸ್ಕೀಟ್ ಅಂದೆ. ಅದನ್ನು ಮೊದಲು ಕಂಡಾಗ ಎಲೆ, ಮುಳ್ಳು, ಕಾಯಿ ಎಲ್ಲ ಎಲ್ಲೋ ನೋಡಿದ್ದೇನಲ್ಲ ಎನಿಸಿತ್ತು. ನಮ್ಮೂರ ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವನ್ನೂ ನುಂಗಿ ಕೂತಿರುವ ಬಳ್ಳಾರಿ ಜಾಲಿ ಇದರ ದಾಯಾದಿ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಡಿಯಾಕ್ಕೆ ತಂದು ನೆಟ್ಟ ಮರ. ಬೇಲಿಗೆ ಬೆಳೆಸಿದ ಪಾಪಾಸುಕಳ್ಳಿಯ ಮೂಲವೂ ಈ ಕಡೆಯದೇ. ಅಲ್ಲಿ ನಾವು ಶಾಪ ಹಾಕಿ ಕಡಿಯುವ ಜಾಲಿಯ ಬಳಗವನ್ನು ಇಲ್ಲಿನ ಮೂಲನಿವಾಸಿಗಳು ಮೊದಲಿಂದಲೂ ಊಟಕ್ಕೆ ಬಳಸುತ್ತ ಬಂದಿದ್ದಾರೆ. ಒಣಗಿದ ಸಿಹಿಕಾಯಿಯನ್ನು ಕುಟ್ಟಿ ಹಿಟ್ಟು ಮಾಡುತ್ತಾರೆ. ದಕ್ಷಿಣ ಅರಿಜೋನಾದ ತೊಹೋನೊ ಓಡಮ್ ಜನ ಬೇಸಿಗೆಯ ನಡುವೆ ಸವಾರೊ ಹಣ್ಣನ್ನು ಉದ್ದನೆಯ ಗಳದಿಂದ ಕೆಡಹುತ್ತಾರೆ. ಆ ಗಳ ಸತ್ತ ಸವಾರೊದ ಎಲುಬಿನಿಂದಲೇ ಮಾಡಿದ್ದು. ಬಯಲು ಖಾಲಿ ಎಂದು ಬಂದವಳಿಗೆ ಖಾಲಿ ಜಾಗ ಕಾಣಿಸುವುದೇ ಕಡಿಮೆಯಾಗುತ್ತ ಬಂತು.

ನದಿ ದಾಟಿ ಬ್ಲೈತ್ ಊರಿನಿಂದ ಉತ್ತರಕ್ಕೆ ಹೋದರೆ ನೆಲದ ಮೇಲೆ ಬರೆದ ದೈತ್ಯ ಆಕೃತಿಗಳಿವೆ. ಮರುಭೂಮಿಯ ಮೇಲ್ಮೈಯಲ್ಲಿ ಕಾಲ ಕಳೆದಂತೆ ಕಪ್ಪಾದ ಸಣ್ಣ ಕಲ್ಲುಗಳು ಒತ್ತಾಗಿ ಹಾಸಿಕೊಂಡಿರುತ್ತವೆ. ಅವನ್ನು ಕೆರೆದು ಪಕ್ಕಕ್ಕೆ ಸರಿಸಿದರೆ ಕೆಳಗಿನ ಬಿಳಿ ಮಣ್ಣು ಕಾಣುತ್ತದೆ. ಹಾಗೆ ಬಿಡಿಸಿದ ಒಂದು ಮನುಷ್ಯಾಕೃತಿ 171 ಅಡಿ ಉದ್ದವಿದೆ. 1930ರ ದಶಕದ ಆರಂಭದಲ್ಲಿ ಒಬ್ಬ ಪೈಲಟ್ ಆಕಾಶದಿಂದ ನೋಡಿದ ಮೇಲೆ ಹೊರಗಿನವರಿಗೆ ಇದರ ಸುದ್ದಿ ತಿಳಿಯಿತು. ನೂರಾರು ವರ್ಷ ಅಳಿಯದೆ ಉಳಿದ ಗೆರೆಗಳು. ಅದೇ ನೆಲದ ಮೇಲೆ 1942ರಲ್ಲಿ ಅಮೆರಿಕ ಸೈನ್ಯದ ಜನರಲ್ ಪ್ಯಾಟನ್ ತನ್ನ ಸಿಪಾಯಿಗಳು ಯುದ್ಧಕ್ಕೆ ತಯಾರಾಗಲೆಂದು ಓಡಿಸಿದ ಟ್ಯಾಂಕುಗಳ ಚಕ್ರದ ಗುರುತೂ ಇನ್ನೂ ಅಲ್ಲಲ್ಲಿ ಹಾಗೇ ಇದೆ. ಮುಂಚೆ ಯಾರೋ ನಿಂತ ಕಡೆಯೇ ನಿಲ್ಲು, ಹೊಸ ಜಾಗ ತುಳಿಯಬೇಡ ಎಂದು ಹಳಬರು ಹೇಳುವುದು ಇದಕ್ಕೆ. ನೆಲಕ್ಕೂ ನಮಗೂ ನಡುವೆ ಬಿಡಬೇಕಾದ ದೂರ ಅದು.

ನಮ್ಮಮ್ಮನಿಗೆ ಇದನ್ನೆಲ್ಲ ವಿವರಿಸುವುದು ಸುಲಭವಿರಲಿಲ್ಲ. ನನಗೆ ಸಂಜೆಯಾದಾಗ ಅವರಿಗೆ ಬೆಳಗು. ಹಾಲು ಹಾಕಿಸಿಕೊಂಡು ಬಂದು ಜಗಲಿ ಮೇಲೆ ಕೂತು ಫೋನೆತ್ತುತ್ತಿದ್ದರು.

'ಜೊತಿಗೆ ಯಾರೈದಾರೆ?'

'ಯಾರೂ ಇಲ್ಲಮ್ಮ.'

'ಸುತ್ತಮುತ್ತ ಮನೆಗಳೈದಾವಾ?'

'ಗಾಡಿಗಳೈದಾವೆ. ದೂರ ದೂರ.'

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಕೂಗಿದ್ರೆ ಕೇಳಿಸ್ತೈತಾ?'

ಕೇಳಿಸುತ್ತದೆ ಎಂದೆ. 'ಹಂಗಾದ್ರೆ ಸರಿ. ಕೂಗಿದ್ರೆ ಕೇಳ್ಸೋವಷ್ಟು ದೂರ್ದಾಗೆ ಇರು' ಎಂದು, ಮೊಮ್ಮಗಳ ಓದಿನ ವಿಷಯಕ್ಕೆ ಹೋದರು. ಬೇಡ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹೊಲದಲ್ಲಿ ಒಬ್ಬರೇ ಕಾವಲು ಮಲಗುತ್ತಿದ್ದ ಅಪ್ಪನಿಗೂ ಅವರು ಇದೇ ಮಾತು ಹೇಳುತ್ತಿದ್ದರು. ಇಲಾಖೆಯ 15 ಅಡಿಗಿಂತ ಈ ಅಳತೆ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಅಂದಿನಿಂದ ಗಾಡಿ ನಿಲ್ಲಿಸುವ ಮುಂಚೆ ಸುತ್ತ ನೋಡಿ, ಇಲ್ಲಿಂದ ಕೂಗಿದರೆ ಯಾರಿಗೆ ಕೇಳೀತು ಎಂದು ಮನಸ್ಸಲ್ಲೇ ಅಳೆಯುತ್ತಿದ್ದೆ.

ಕೂಗಬೇಕಾಗಿ ಬರಲಿಲ್ಲ. ಒಂದು ಫೆಬ್ರವರಿಯಲ್ಲಿ ಜ್ವರ ಬಂದು ಮಲಗಿದೆ. ರಾತ್ರಿಯ ಚಳಿ ಸೊನ್ನೆಯ ಹತ್ತಿರ ಇಳಿದಿತ್ತು. ಕಿಟಕಿ ಒಂದು ಬೆರಳು ತೆರೆದಿಟ್ಟೇ ಗ್ಯಾಸ್ ಹೀಟರು ಹಚ್ಚಬೇಕು, ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡಿನ ಭಯ. ಎದ್ದು ಅದನ್ನು ನೋಡಿಕೊಳ್ಳುವ ಶಕ್ತಿಯಿಲ್ಲದೆ ಹೀಟರು ಆರಿಸಿ, ಇದ್ದಬದ್ದ ಕಂಬಳಿ ಹೊದ್ದು ಬಿದ್ದುಕೊಂಡಿದ್ದೆ. ಹೊತ್ತೇರಿ ಎಷ್ಟೋ ಆದ ಮೇಲೆ ಬಾಗಿಲು ಬಡಿದ ಸದ್ದು. ತೆಗೆದರೆ ಎದುರು ಬಿಡಾರದ ಕೆನಡಾದ ಮುದುಕ. ದೂರದಿಂದ ಟೋಪಿ ಎತ್ತುವುದು ಬಿಟ್ಟರೆ ಒಂದು ಮಾತೂ ಆಡಿದವನಲ್ಲ, ಅವನ ಕುರ್ಚಿಯ ಬೆನ್ನು ಯಾವಾಗಲೂ ದಾರಿಗೇ. ಮೆಟ್ಟಿಲಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದ. 'ನಿಮ್ಮ ಬಾಗಿಲು ದಿನಾ ಏಳು ಗಂಟೆಗೆ ತೆಗೆಯುತ್ತೆ. ಈಗ ಹನ್ನೊಂದು' ಎಂದ. ಬೇರೇನೂ ಕೇಳಲಿಲ್ಲ. ಜ್ವರವೆಂದಾಗ ತಲೆಯಾಡಿಸಿ ಹೋದ. ಸ್ವಲ್ಪ ಹೊತ್ತಿಗೆ ಮಿಚಿಗನ್ನಿನ ಹೆಂಗಸು ಒಂದು ಡಬ್ಬಿ ಸೂಪು, ಜ್ವರದ ಮಾತ್ರೆ ತಂದಳು. ನಾನು ಮಾಂಸ ತಿನ್ನುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಹೇಗೆ ಎಂದು ಕೇಳಿದ್ದಕ್ಕೆ, 'ನಿನ್ನ ಒಲೆಯ ವಾಸನೆ ನನ್ನ ಕಡೆಗೇ ಬರುತ್ತಲ್ಲ' ಎಂದು ನಕ್ಕಳು.

ಆ ಎರಡು ದಿನ ಮಲಗಿದಲ್ಲೇ ಯೋಚಿಸಿದೆ. ಇವರು ನನ್ನನ್ನು ಗಮನಿಸುತ್ತಿಲ್ಲ ಎಂದುಕೊಂಡಿದ್ದೆ. ಗಮನಿಸುತ್ತಲೇ ಇದ್ದರು, ಗಮನಿಸುತ್ತಿರುವುದನ್ನು ನನ್ನ ಮೇಲೆ ಹೇರಿರಲಿಲ್ಲ. ನಮ್ಮ ಕಡೆ ಇಡೀ ಬೀದಿಗೆ ನಮ್ಮ ಮನೆಯ ಸುದ್ದಿ ಗೊತ್ತಿರುತ್ತದೆ, ಆ ಗೊತ್ತಿರುವುದಕ್ಕೆ ದಿನವೂ ಜವಾಬು ಹೇಳಬೇಕು. ಇಲ್ಲಿ ಗೊತ್ತಿರುವುದನ್ನು ಹನ್ನೊಂದು ಗಂಟೆಯವರೆಗೆ ಇಟ್ಟುಕೊಳ್ಳುತ್ತಾರೆ. ಯಾವುದು ಮೇಲು ಎಂಬ ಪಂಚಾಯ್ತಿ ನನಗೆ ಬೇಡ. ಬಾಣಂತನಕ್ಕೆ, ಸಾವಿಗೆ ನಮ್ಮ ಬೀದಿಯೇ ಆಗಬೇಕು. ಬದುಕಿನ ನಡುವೆ ಒಂದಷ್ಟು ಕಾಲ, ಕೇಳದೆಯೇ ಕಾಯುವ ಇಂಥ ನೆರೆಯೂ ಮನುಷ್ಯರಿಗೆ ಬೇಕು. ಅದನ್ನು ನಾನು ಮೊದಲು ಕಂಡದ್ದು ಆ ಬಯಲಲ್ಲಿ.

ಆಮೇಲೆ ನಾನೂ ಬೇರೆಯವರ ಬಾಗಿಲು ನೋಡತೊಡಗಿದೆ. ಯಾರ ದೀಪ ಎಷ್ಟಕ್ಕೆ ಆರುತ್ತದೆ, ಯಾರ ನಾಯಿ ಎಷ್ಟೊತ್ತಿಗೆ ಹೊರಗೆ ಬರುತ್ತದೆ. ಮುಂದಿನ ಒಂದು ಚಳಿಗಾಲ ಕೆನಡಾದ ಮುದುಕ ಬರಲಿಲ್ಲ. ಅವನು ಕಲ್ಲು ಸುತ್ತಿಟ್ಟು ಮಾಡಿಕೊಂಡಿದ್ದ ಬೆಂಕಿಗುಂಡಿಯ ಪಕ್ಕದಲ್ಲಿ ಜನವರಿ ಮುಗಿಯುವವರೆಗೆ ಯಾರೂ ಗಾಡಿ ನಿಲ್ಲಿಸಲಿಲ್ಲ. ಜಾತ್ರೆಯ ಗದ್ದಲದಲ್ಲಿ ಜಾಗಕ್ಕೆ ತಡಕಾಡುವ ತಿಂಗಳು ಅದು.

ಕೂಗು ಯಾರಿಗೂ ಕೇಳದ ಕಡೆಗೂ ಹೋಗಿದ್ದೇನೆ. ಕ್ವಾರ್ಟ್ಸೈಟ್‌ನ ದಕ್ಷಿಣಕ್ಕೆ ಕೋಫಾ ವನ್ಯಜೀವಿಧಾಮವಿದೆ. ಹೆಸರು ಬಂದದ್ದು ಕಿಂಗ್ ಆಫ್ ಅರಿಜೋನಾ ಎಂಬ ಹಳೆಯ ಚಿನ್ನದ ಗಣಿಯಿಂದ. ಬಾಗಿದ ಕೊಂಬಿನ ಕಾಡುಕುರಿಗಳನ್ನು ಉಳಿಸಲೆಂದು 1939ರಲ್ಲಿ ಕಾಯ್ದಿಟ್ಟ ಸೀಮೆ. ಅಲ್ಲಿ ಗಾಡಿ ರಸ್ತೆಯಿಂದ 100 ಅಡಿಗಿಂತ ಒಳಗೆ ಹೋಗುವಂತಿಲ್ಲ, ನೀರಿನ ಗುಂಡಿಗಳಿಂದ ಕಾಲು ಮೈಲಿಯೊಳಗೆ ಬಿಡಾರ ಹೂಡುವಂತಿಲ್ಲ. ಹತ್ತಿರ ಮನುಷ್ಯರಿದ್ದರೆ ಪ್ರಾಣಿಗಳು ನೀರಿಗೆ ಇಳಿಯುವುದಿಲ್ಲ. ಬಾಯಾರಿಕೆಯಲ್ಲೇ ತಿರುಗಿ ಹೋಗುತ್ತವೆ. ಫೋನಿನ ಸಿಗ್ನಲ್ ಅಲ್ಲಿ ಇಲ್ಲವೆಂದೇ ಲೆಕ್ಕ. ಎಲ್ಲಿ ಹೋಗುತ್ತೇನೆ, ಯಾವತ್ತು ಹೊರಗೆ ಬರುತ್ತೇನೆ ಎಂಬುದನ್ನು ಮನೆಯವರಿಗೆ ಮೊದಲೇ ಬರೆದು ಕಳಿಸಿ, ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕೆಂದೂ ತಿಳಿಸಿ ಹೋಗುತ್ತಿದ್ದೆ. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಮವಾಗಿ, ಮೆತ್ತಗೆ ಕಂಡರೂ ಅದರಲ್ಲಿ ನಿಲ್ಲಬಾರದು. ದೂರದ ಬೆಟ್ಟದ ಮೇಲೆ ಬಿದ್ದ ಮಳೆ, ನಮ್ಮ ತಲೆಯ ಮೇಲೆ ಆಕಾಶ ತಿಳಿಯಾಗಿರುವಾಗಲೇ, ಹಳ್ಳದಲ್ಲಿ ಗೋಡೆಯಂತೆ ಬರುತ್ತದೆ. ತಡೆಗಂಬ ದಾಟಿ ಹರಿಯುವ ಹಳ್ಳಕ್ಕೆ ಗಾಡಿ ನುಗ್ಗಿಸಿದವರಿಂದ ಅವರನ್ನು ಎತ್ತಿದ ಖರ್ಚು ವಸೂಲು ಮಾಡುವ ಕಾಯ್ದೆಯೇ ಅರಿಜೋನಾದಲ್ಲಿದೆ. ಜನ ಅದನ್ನು ಕರೆಯುವುದು ಪೆದ್ದ ಡ್ರೈವರುಗಳ ಕಾಯ್ದೆ ಎಂದು.

ಕೋಫಾದಲ್ಲಿ ಹೆದರಿಕೆ ಆಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಪಕ್ಕದಲ್ಲೇ ಸೈನ್ಯದ ಯೂಮಾ ಪರೀಕ್ಷಾ ವಲಯ. ಹಗಲು ಹೊತ್ತು ಅಲ್ಲಿಂದ ಫಿರಂಗಿ ಸದ್ದು ಬೆಟ್ಟಕ್ಕೆ ಬಡಿದು ಬರುತ್ತಿತ್ತು. ಕತ್ತಲಾದ ಮೇಲೆ ಕಯೋಟಿಗಳ ಊಳು. ಆ ಭಯ ಹಗುರ, ಅದಕ್ಕೆ ಕಾರಣ ಗೊತ್ತಿತ್ತು. ಭಾರವಾಗಿದ್ದದ್ದು ಬೇರೆ: ಬೆಳಿಗ್ಗೆ ನಾನು ಬಾಗಿಲು ತೆಗೆದೆನೇ ಇಲ್ಲವೇ ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ನಕ್ಷತ್ರ, ಮೌನ, ಬೆಟ್ಟದ ಮೇಲಿನ ಬೆಳಗಿನ ಕೆಂಪು ಎಲ್ಲವೂ ಲಾ ಪೋಸಾಗಿಂತ ಅಲ್ಲಿ ಚಂದ. ಆದರೂ ಕೋಫಾದಲ್ಲಿ ನಾನು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಒಬ್ಬಳೇ ಇರುವ ಸುಖಕ್ಕೂ ಎಲ್ಲೋ ಒಂದು ಬೇರು ಬೇಕು. ನನ್ನದು ಸಂಜೆಯ ಮೆಸೇಜಿಗೆ ಕಾಯುವ ಮನೆಯವರಲ್ಲಿ, ಕೂಗಳತೆ ಕೇಳುವ ಅಮ್ಮನಲ್ಲಿ, ಟೋಪಿ ಎತ್ತಿ ಸುಮ್ಮನಾಗುವ ಮುದುಕನಲ್ಲಿ ಇತ್ತು.

ಈಗ ಮೊಣಕಾಲು ಗಾಡಿಯ ಮೆಟ್ಟಿಲಿಗೆ ಒಪ್ಪುವುದಿಲ್ಲ. ಗಾಡಿ ಮಾರಿದ್ದೂ ಆಯಿತು, ಮನೆಯವರು ಮೂರೂ ಟ್ಯಾಂಕಿಗೆ ಕೈ ಮುಗಿದು ಕಳಿಸಿಕೊಟ್ಟರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಕೆಲವು ಹುಡುಗಿಯರು ಪಕ್ಕಕ್ಕೆ ಬಂದು ಕೂರುತ್ತಾರೆ. 'ಆಂಟಿ, ಒಬ್ರೇ ಹೋಗೋಕೆ ಎಷ್ಟು ಧೈರ್ಯ ಬೇಕು ಅಲ್ವಾ?' ಧೈರ್ಯದ ಮಾತನ್ನು ನಾನು ಮುಂದುವರಿಸುವುದಿಲ್ಲ. ಟೈರಿನ ಗಾಳಿ, ಟ್ಯಾಂಕಿನ ಅಳತೆ, ಲೋಟದ ನೀರು, ಬಾಚಣಿಗೆ, ಇವನ್ನೆಲ್ಲ ಹೇಳುತ್ತೇನೆ. ಮೊದಲ ಚಳಿಗಾಲ ಲಾ ಪೋಸಾದಲ್ಲಿ ಕಳೆ, ಕೋಫಾ ಆಮೇಲೆ ನೋಡಿದರಾಯಿತು ಎನ್ನುತ್ತೇನೆ. ಕೊನೆಗೆ ಒಂದು ಮಾತು: ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬಾಗಿಲು ತೆಗಿ. ಯಾರೋ ಒಬ್ಬರು ಅದನ್ನ ನೋಡ್ತಿರ್ತಾರೆ. ನೀನೂ ಒಂದು ಬಾಗಿಲು ಆರಿಸ್ಕೊಂಡು ನೋಡ್ತಾ ಇರು, ಹನ್ನೊಂದರವರೆಗೂ ತೆಗೀದಿದ್ರೆ ಹೋಗಿ ತಟ್ಟು.